ನಾನು ಕಾಣದ ಕುಂಟೆಬಿಲ್ಲೆ

ಗಾವಡಗೆರೆಯಲ್ಲಿ ಎತ್ತು ಎಮ್ಮೆಗಳು ಸಹ ದಿನಾ ನೋಡುವ ಒಂದು ಸಂಗತಿಯನ್ನು ನಾನೊಬ್ಬ ಮಾತ್ರ ನೋಡಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮಕ್ಕಳು ಆಡುವುದನ್ನು ನಾನು ನೋಡಿಲ್ಲ. ಹಾಗೆಂದು ಊರಿನಲ್ಲಿ ಮಕ್ಕಳಿಗೆ ಬರವೇನಿಲ್ಲ, ಮನೆಗೆ ಐದಾರರಂತೆ ಇದ್ದಾರೆ. ನನಗೂ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಏನೆಂದರೆ ನಾನು ಈ ಊರಿನ ಸ್ಕೂಲು ಮೇಷ್ಟ್ರು. ನಾನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಬುಗುರಿ ಚಡ್ಡಿಯ ಜೇಬಿಗೆ ಹೋಗುತ್ತದೆ, ಚಿನ್ನಿದಾಂಡು ಬೇಲಿಯ ಮರೆಗೆ ಹೋಗುತ್ತದೆ, ಮಕ್ಕಳು ಗೋಡೆಯ ಪಕ್ಕಕ್ಕೆ ಹೋಗಿ ಕೈಕಟ್ಟಿ ನಿಂತು "ನಮಸ್ಕಾರ ಸಾ" ಎನ್ನುತ್ತಾರೆ. ನಾನು ಬೀದಿ ದಾಟಿ ತಿರುಗಿದ ಮೇಲೆ ಹಿಂದಿನಿಂದ ಮತ್ತೆ ಗದ್ದಲ ಕೇಳಿಸುತ್ತದೆ. ಮೊದಮೊದಲು ಇದನ್ನು ನನಗೆ ಸಿಕ್ಕುವ ಮರ್ಯಾದೆ ಎಂದುಕೊಂಡು ಹಿಗ್ಗುತ್ತಿದ್ದೆ. ನಾನೇನು ಹೊಡೆಯುವ ಮೇಷ್ಟರೂ ಅಲ್ಲ. ಹುಣಿಸೆ ಬರಲೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿರುತ್ತೇನೆ ನಿಜ, ಆದರೆ ಅದು ಇನ್ಸ್‌ಪೆಕ್ಟರು ಬಂದಾಗ ಸ್ಕೂಲಿನಲ್ಲಿ ಸಲಕರಣೆ ಕಡಿಮೆ ಎಂದು ಅನ್ನಿಸಿಕೊಳ್ಳಬಾರದೆಂದು.

ಊರಿನ ಮಕ್ಕಳ ಮಾತು ಹೋಗಲಿ. ನನಗಿರುವುದು ಒಬ್ಬಳೇ ಮಗಳು, ನಾಗರತ್ನ. ನಾವು ನಾಗು ಎನ್ನುತ್ತೇವೆ. ಹಿತ್ತಲಿನ ಗೋಡೆಯಾಚೆ ಗುಂಡೇಗೌಡರ ಕಣ. ಒಕ್ಕಣೆ ಮುಗಿದರೆ ಅದು ಹುಡುಗಿಯರ ರಾಜ್ಯ. ಸಾಯಂಕಾಲ ನಾನು ಮನೆಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಗೋಡೆಯಾಚೆ ಕುಂಟೆಬಿಲ್ಲೆ ಆಡುವ ಸದ್ದು, "ಔಟು ಕಣೇ, ಗೆರೆ ತುಳಿದೆ" ಎನ್ನುವ ಜಗಳ, ಅದರ ನಡುವೆ ನಾಗುವಿನ ನಗು. ಮೊದಲು ಬಿಕ್ಕಳಿಸಿದ ಹಾಗೆ ಎರಡು ಸದ್ದು, ಆಮೇಲೆ ಉಸಿರು ಸಿಕ್ಕದೆ ಒಂದು ಎಳೆತ, ಆಮೇಲೆ ತಡೆಯೇ ಇಲ್ಲ. ನೋಡೋಣವೆಂದು ಹಿತ್ತಲ ಬಾಗಿಲು ತೆಗೆದರೆ ಅದರ ಅಗುಳಿಯ ಸದ್ದಿಗೇ ಎಲ್ಲ ನಿಂತುಹೋಗುತ್ತಿತ್ತು. ಮಗಳು ತಲೆ ತಗ್ಗಿಸಿಕೊಂಡು ಬಂದು "ನೀರು ಕಾದದೆ ಅಪ್ಪ" ಎನ್ನುತ್ತಿದ್ದಳು. ಕಾದ ನೀರನ್ನು ನಾನು ಕೇಳಿದ್ದೆನೇ? ಹೆತ್ತ ಮಗಳ ನಗುವನ್ನು ಗೋಡೆಗೆ ಕಿವಿಯಿಟ್ಟು ಕೇಳಿದ ಅಪ್ಪ ಈ ಹುಣಸೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇದ್ದೇನು.

ಹೀಗಿರುವಾಗ ಅವಳಿಗೆ ಗಂಡು ಗೊತ್ತಾಯಿತು. ಕೃಷ್ಣರಾಜನಗರದ ಕಡೆ, ನಾಲೆ ಬಯಲಿನ ಊರು. ಭತ್ತ ಬೆಳೆಯುವ ಮನೆ. ರಾಗಿ ಮುದ್ದೆಯ ಮನೆಯ ಹುಡುಗಿ ಅನ್ನ ಉಣ್ಣುವ ಮನೆಗೆ ಹೋಗುತ್ತಾಳೆಂದು ನನ್ನ ಹೆಂಡತಿ ತಾಯಮ್ಮ ಕಂಡವರಿಗೆಲ್ಲ ಹೇಳಿಕೊಂಡು ಬಂದಳು. ಮದುವೆ ಮಾಘಕ್ಕೆ ನಿಶ್ಚಯವಾಯಿತು. ನನಗೂ ಸಂತೋಷವೇ. ಆದರೆ ತಾಳಿ ಬಿದ್ದ ಹುಡುಗಿ ಮತ್ತೆ ಕುಂಟೆಬಿಲ್ಲೆ ಆಡುವುದಿಲ್ಲ, ಅದು ನಮ್ಮಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಕಾನೂನು. ಮಾಘದೊಳಗೆ ನಾನು ಅವಳ ಆಟವನ್ನು ನೋಡದಿದ್ದರೆ ಇನ್ನು ನೋಡುವುದೇ ಇಲ್ಲ. ಈ ಯೋಚನೆ ಒಂದು ಸಲ ತಲೆಗೆ ಹೊಕ್ಕ ಮೇಲೆ ಮಗ್ಗಿ ಹೇಳಿಸುವಾಗಲೂ ನನಗೆ ಎಣಿಕೆ ತಪ್ಪತೊಡಗಿತು.

ಆ ಹೊತ್ತಿಗೆ ಸರಿಯಾಗಿ ನನ್ನ ಭಾಮೈದ ಮಾದಪ್ಪ ಬಂದ. ಅವನು ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು. ತೋಟದ ದೊರೆ ಯುದ್ಧಕ್ಕೆಂದು ಹಡಗು ಹತ್ತುವ ಮುಂಚೆ ಮನೆಯ ಸಾಮಾನನ್ನೆಲ್ಲ ಆಳುಕಾಳುಗಳಿಗೆ ಹಂಚಿದನಂತೆ. ಬಟ್ಲರನಿಗೆ ಗೋಡೆ ಗಡಿಯಾರ, ಡ್ರೈವರನಿಗೆ ಬೂಟು, ನಮ್ಮ ಮಾದಪ್ಪನಿಗೆ ಒಂದು ಕರಿ ಡಬ್ಬ. ಅದೇ ಕ್ಯಾಮರಾ. ಜೊತೆಗೆ ಕೆಂಪು ಕಾಗದ ಸುತ್ತಿದ ಕೆಲವು ರೀಲು. ಮಾದಪ್ಪ ಅದನ್ನು ನನ್ನ ಮುಂದಿಟ್ಟು, "ತಕ್ಕಳಿ ಭಾವ, ನಂಗೆ ಇದರ ಸವಾಸ ಬ್ಯಾಡ. ಇದರೊಳಗೆ ನೋಡುದ್ರೆ ಎಲ್ಲಾ ತಿರುವುಮುರುವು ಕಣಿ. ಎಡಗಡೆಯಿಂದ ಬರೋ ಎತ್ತು ಬಲಗಡೆಯಿಂದ ಬತ್ತದೆ. ನೀವು ಓದ್ದೋರು, ನಿಮ್ಗೆ ಸರಿಯಾಗಿ ಕಾಣ್ಬೌದು" ಎಂದ. ಓದಿದವನಿಗೂ ಎತ್ತು ಬಲಗಡೆಯಿಂದಲೇ ಬಂತು. ಆದರೆ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ನನಗೆ ದಾರಿ ಕಂಡಂತಾಯಿತು. ಆಟವನ್ನು ನೋಡಲು ನನಗೆ ಬಿಡದಿದ್ದರೆ ಬೇಡ, ಈ ಡಬ್ಬ ನೋಡಲಿ. ಆಮೇಲೆ ನಾನು ಕೂತು ನಿಧಾನವಾಗಿ ನೋಡುತ್ತೇನೆ. ನಗುತ್ತಾ ಆಡುತ್ತಿರುವ ನಾಗುವಿನ ಒಂದು ಪಟ, ಒಂದೇ ಒಂದು, ಅವಳು ಹೋಗುವುದರೊಳಗೆ.

ನಮ್ಮ ಕಡೆ ಫೋಟೋ ಎಂದರೆ ಏನು ಅರ್ಥ ಎನ್ನುವುದನ್ನು ನಾನು ಮರೆತಿದ್ದೆ. ಕ್ಯಾಮರಾ ಹಿಡಿದು ಮೊದಲ ಸಲ ಬೀದಿಗಿಳಿದಾಗ ಎದುರು ಮನೆಯ ಪುಟ್ಟಜ್ಜಿ ಜಗಲಿಯಿಂದ, "ಯಾರ್ ತೀರ್ಕಂಡ್ರು ಮೇಷ್ಟ್ರೇ?" ಎಂದಳು. ಯಾರೂ ಇಲ್ಲ ಅಜ್ಜಿ ಎಂದೆ. "ಮತ್ಯಾಕಪ್ಪ ಪಟದ ಡಬ್ಬ ಈಚೆಗೆ ತಂದ್ರಿ? ಯಾರಾರ ಓಗೋಗಂಟ ತಡೀಬಾರ್ದಾ? ನಂದೂ ಇನ್ನೊಂದು ವಸಿ ದಿನ ಅದೆ, ಅವಸರ ಮಾಡ್ಬ್ಯಾಡಿ." ಅಜ್ಜಿಯನ್ನು ದೂರಿ ಫಲವಿಲ್ಲ. ನಮ್ಮ ಹುಟ್ಟೂರು ಹಾರನಹಳ್ಳಿಯ ಮನೆಯಲ್ಲಿ ಇರುವ ಒಂದೇ ಫೋಟೋ ನಮ್ಮಪ್ಪನದು, ಅದನ್ನು ತೆಗೆಸಿದ್ದೂ ಅವನು ಸತ್ತ ದಿನವೇ. ಫೋಟೋದವನು ಬರುವವರೆಗೆ ಹೆಣ ಎತ್ತದೆ ಕಾದಿದ್ದರು. ಸುಬೇದಾರರ ಮನೆಯಿಂದ ಎರವಲು ತಂದ ಕುರ್ಚಿಯ ಮೇಲೆ ಕೂರಿಸಿ, ಪಂಚೆಯಿಂದ ಬೆನ್ನಿಗೆ ಕಟ್ಟಿ, ಪೇಟ ಇಟ್ಟು ತೆಗೆಸಿದರು. ಮುಚ್ಚಿದ್ದ ಕಣ್ಣುಗಳನ್ನು ಫೋಟೋದವನು ಆಮೇಲೆ ಮಸಿಯಲ್ಲಿ ಬರೆದುಕೊಟ್ಟ. ಬದುಕಿದ್ದಾಗ ಒಂದು ದಿನವೂ ಕುರ್ಚಿಯ ಮೇಲೆ ಕೂರದ ನಮ್ಮಪ್ಪ ಈಗ ಗೋಡೆಯ ಮೇಲೆ ದಿವಾನರಂತೆ ಕೂತು, ತನ್ನದಲ್ಲದ ದೊಡ್ಡ ಕಣ್ಣುಗಳಿಂದ ನಮ್ಮನ್ನು ನೋಡುತ್ತಿದ್ದಾನೆ. ಅವನು ಕಳೆ ಕೀಳುವಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ ಭಂಗಿ ಎಲ್ಲೂ ಉಳಿಯಲಿಲ್ಲ. ಅದನ್ನು ನೆನೆಸಿಕೊಂಡಾಗಲೇ ನನ್ನ ಹಟ ಇನ್ನೂ ಬಲವಾದದ್ದು.

ಪುಟ್ಟಜ್ಜಿಯ ಹೆದರಿಕೆಯನ್ನು ಕಳೆಯಲು, ಇದು ಬದುಕಿರುವ ಮಕ್ಕಳ ಪಟ, ದುಡ್ಡಿಲ್ಲದೆ ತೆಗೆಯುತ್ತೇನೆ, ಭಾನುವಾರ ಕಣಕ್ಕೆ ಕಳಿಸಿ ಎಂದು ಊರಿಗೆಲ್ಲ ಹೇಳಿದೆ. ಅಲ್ಲಿಗೆ ನನ್ನ ಗುಂಡಿಯನ್ನು ನಾನೇ ತೋಡಿಕೊಂಡೆ. ಭಾನುವಾರ ಕಣದಲ್ಲಿ ನೋಡುತ್ತೇನೆ, ಊರಿನ ಮಕ್ಕಳಿಗೆಲ್ಲ ಎಣ್ಣೆನೀರು ಹಾಕಿದ್ದಾರೆ. ತಲೆ ಬಾಚಿ, ಹೂ ಮುಡಿಸಿ, ಅಪ್ಪನ ಕೋಟು ತೊಡಿಸಿ, ಮೊಣಕೈವರೆಗೆ ತೋಳು ಮಡಿಸಿ ಕಳಿಸಿದ್ದಾರೆ. ಗುಂಡೇಗೌಡರ ಹಟ್ಟಿಯ ಹುಡುಗಿಯರಿಗೆ ಮುಖ ಥಳಥಳಿಸಲೆಂದು ಅರಿಶಿನ ಮೆತ್ತಿದ್ದಾರೆ. ಇಷ್ಟು ಚಂದ ಕಂಡರೆ ಕಣ್ಣು ಬೀಳುತ್ತದಲ್ಲ, ಅದಕ್ಕೆ ಒಂದೊಂದು ಕೆನ್ನೆಗೂ ಹುರುಳಿ ಕಾಳಿನಷ್ಟಲ್ಲ, ಅವರೆಕಾಳಿನಷ್ಟು ದೊಡ್ಡ ದೃಷ್ಟಿಬೊಟ್ಟು. ಮಕ್ಕಳು ನನ್ನನ್ನು ಕಂಡವರೇ ತಾವಾಗಿ ಎತ್ತರದ ಪ್ರಕಾರ ಸಾಲು ನಿಂತು ಕೈಕಟ್ಟಿದರು. ಆಡ್ರೋ ಎಂದೆ. ಯಾರೂ ಅಲುಗಲಿಲ್ಲ. ಹೋಗಲಿ, ನಗಿ ಎಂದೆ. ಮಿಕಮಿಕ ನೋಡಿದರು. ಕೊನೆಗೆ ನನ್ನ ಗಂಟಲೇ ನನ್ನ ಮಾತು ಕೇಳದೆ, "ನಗ್ರೋ!" ಎಂದು ಗದರಿಬಿಟ್ಟಿತು. ಎಲ್ಲರೂ ಒಟ್ಟಿಗೆ, ಹತ್ತರ ಮಗ್ಗಿ ಹೇಳುವ ರಾಗದಲ್ಲಿ, "ಹ, ಹ, ಹ" ಎಂದು ಮೂರು ಸಲ ಹೇಳಿ ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ನಾಗು ಎಲ್ಲರಿಗಿಂತ ಬಿಗಿಯಾಗಿ ನಿಂತಿದ್ದಳು. ಮೇಷ್ಟರ ಮಗಳಲ್ಲವೇ, ಮನೆತನದ ಮರ್ಯಾದೆ ಅವಳ ಮೇಲಿತ್ತು.

ರೀಲನ್ನು ಹುಣಸೂರಿನಲ್ಲಿ ಬಸ್ ಕಂಡಕ್ಟರನ ಕೈಗೆ ಕೊಟ್ಟರೆ ಅವನು ಮೈಸೂರಿನ ಸ್ಟುಡಿಯೋದಲ್ಲಿ ತೊಳೆಸಿ ತರುತ್ತಿದ್ದ. ಬಂದ ಪಟಗಳನ್ನು ನೋಡಿ ಊರಿನಲ್ಲಿ ಗಲಾಟೆಯಾಯಿತು. ಆ ಕಪ್ಪು ಬಿಳುಪಿನ ರೀಲಿಗೆ ಹಳದಿ ಬಣ್ಣವೆಂದರೆ ಏನು ದ್ವೇಷವೋ, ಅರಿಶಿನ ಮೆತ್ತಿದ ಮುಖಗಳೆಲ್ಲ ಒಲೆಯ ಹಿಂದಿನ ಗೋಡೆಯಂತೆ ಕಪ್ಪಾಗಿದ್ದವು. ಗುಂಡೇಗೌಡರ ಹೆಂಡತಿ ಮನೆ ಬಾಗಿಲಿಗೇ ಬಂದು, "ಬಂಗಾರದಂತ ನಮ್ಮ ಸಾಕಿನ ಕರ್ರಗೆ ಮಾಡಿ ಮಡಗಿದ್ದೀರಲ್ಲ ಮೇಷ್ಟ್ರೇ, ಈ ಪಟ ಕಂಡರೆ ಯಾರು ಎಣ್ಣು ಕೇಳಾರು?" ಎಂದು ಜರೆದಳು. ಸಾಕಿ ಎಂದರೆ ಸಾಕಮ್ಮ, ನಾಗುವಿನ ಜೀವದ ಗೆಳತಿ. ಮುಂದಿನ ಸಲ ನಗುವಾಗ ತೆಗೆಯುತ್ತೇನೆ, ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಮಾಡಹೋದೆ. ಆಯಮ್ಮ ಕೆನ್ನೆಗೆ ಬಡಿದುಕೊಂಡಳು. "ನಗೋ ಮಕ್ಕಳ ಪಟ ತಗೀತಾರಾ? ದಿಷ್ಟಿ ಆಯ್ತದೆ. ನಿಮ್ಮ ಮಗಳದ್ದು ಬೇಕಾರೆ ತಕ್ಕಳಿ." ಒಳಗಿನಿಂದ ತಾಯಮ್ಮ, "ನಮ್ಮ ಮಗಳದ್ದೂ ಬ್ಯಾಡ ಕಣ್ರೀ" ಎಂದಳು. ಅಳುವ ಮಕ್ಕಳ ಪಟ ತೆಗೆಯಲು ಯಾರ ತಕರಾರೂ ಇರಲಿಲ್ಲ.

ಇನ್ನು ಕದ್ದು ತೆಗೆಯುವುದೊಂದೇ ಉಳಿಯಿತು. ಈ ಕಸುಬಿಗೆ ಇಳಿದ ಮೇಲೆ ತಿಳಿಯಿತು, ಕಳ್ಳತನಕ್ಕೂ ಮೈಕಟ್ಟು ಬೇಕು. ನಾನು ಹುಲ್ಲಿನ ಮೆದೆಯ ಹಿಂದೆ ಅವಿತರೆ ನನ್ನ ಪೇಟ ಮೇಲೆ ಕಾಣುತ್ತಿತ್ತು. ಪೇಟ ತೆಗೆದಿಟ್ಟು ಹೋದ ದಿನ ಗುಂಡೇಗೌಡರ ಎಮ್ಮೆ ನನ್ನನ್ನು ಗುರುತಿಸದೆ ಬೆದರಿ ಎದ್ದಿತು. ಆ ರೀಲಿನಲ್ಲಿ ಅದರ ಬೆನ್ನು ಬಹಳ ಸ್ಪಷ್ಟವಾಗಿ ಬಂದಿದೆ. ಇನ್ನೊಂದು ದಿನ ಬಾವಿಯ ಕಡೆ ಮುಖ ಮಾಡಿ ನಿಂತು, ಕ್ಯಾಮರಾವನ್ನು ಮಾತ್ರ ಕಂಕುಳ ಕೆಳಗಿನಿಂದ ಕಣದ ಕಡೆ ತಿರುಗಿಸಿ ಒತ್ತಿದೆ. ನೀರು ಸೇದುತ್ತಿದ್ದ ಹೆಂಗಸರು ಮೇಷ್ಟ್ರು ತಮ್ಮನ್ನೇ ನೋಡುತ್ತಿದ್ದಾರೆಂದು ತಾಯಮ್ಮನಿಗೆ ದೂರು ಕೊಟ್ಟರು. ಅಂದು ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದು ಅನವಶ್ಯಕ. ಇಷ್ಟಾದರೂ ಒಂದೆರಡು ಸಲ ಮಕ್ಕಳು ನನ್ನನ್ನು ಕಾಣದೆ ಆಡುತ್ತಿದ್ದಾಗ ಒತ್ತಿದ್ದೆ. ಆ ಪಟಗಳಲ್ಲಿ ಕಣವಿತ್ತು, ಗೋಡೆಯಿತ್ತು, ಕುಂಟೆಬಿಲ್ಲೆಯ ಗೆರೆಗಳೂ ಇದ್ದವು. ಮಕ್ಕಳಿದ್ದ ಕಡೆ ಒಲೆಯ ಹೊಗೆ ಹಾದುಹೋದ ಹಾಗೆ ಏನೋ ಬೆಳ್ಳಗೆ. ಕಂಡಕ್ಟರ್ ಸ್ಟುಡಿಯೋದವನ ಬುದ್ಧಿವಾದವನ್ನೂ ಹೊತ್ತು ತಂದ. "ಆ ಡಬ್ಬದ ಕಣ್ಣು ಭಾಳ ನಿಧಾನವಂತೆ ಸಾ, ಚುರುಕಾಗಿ ಓಡೋದು ಅದಕ್ಕೆ ಸಿಕ್ಕಾಕಿಲ್ವಂತೆ. ಮಕ್ಕಳು ಬೇಕಾರೆ ಆಟ ಆಡ್ಲಂತೆ, ಆದ್ರೆ ಅಲುಗಬಾರ್ದಂತೆ." ಈ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಬಿಗಿದುಕೊಂಡು ನಿಂತವರು ಚೊಕ್ಕವಾಗಿ ಬರುತ್ತಾರೆ, ಖುಷಿಯಾಗಿರುವವರು ಅಳಿಸಿಹೋಗುತ್ತಾರೆ. ಇಂಥ ಯಂತ್ರವನ್ನು ಯಾರೋ ನನ್ನಂಥ ಮೇಷ್ಟರೇ ಕಂಡುಹಿಡಿದಿರಬೇಕು.

ಪುಷ್ಯ ಬಂತು. ಮನೆಯ ಮುಂದೆ ಚಪ್ಪರಕ್ಕೆ ಗಳ ತಂದು ಹಾಕಿದರು. ಮಾದಪ್ಪ ಕೊಟ್ಟ ರೀಲುಗಳೆಲ್ಲ ಮುಗಿದು ಕೊನೆಯದರಲ್ಲಿ ಒಂದೇ ಒಂದು ಪಟ ಉಳಿದಿತ್ತು. ಯುದ್ಧದ ದೆಸೆಯಿಂದ ಮೈಸೂರಿನಲ್ಲಿ ಕೇಳಿದರೂ ರೀಲು ಸಿಗುತ್ತಿರಲಿಲ್ಲ. ನಾನು ಕಳ್ಳತನ ಬಿಟ್ಟೆ. ದಿನಾ ಸಾಯಂಕಾಲ ಕ್ಯಾಮರಾ ಹಿಡಿದು ಕಣದ ಅಂಚಿಗೆ ಹೋಗಿ ಬಹಿರಂಗವಾಗಿಯೇ ನಿಲ್ಲುತ್ತಿದ್ದೆ. ಎತ್ತು ಗಾಡಿಯ ಸದ್ದಿಗೆ ಪಳಗುವ ಹಾಗೆ ಮಕ್ಕಳು ನನಗೂ ಪಳಗಲಿ ಎಂದು. ಮೊದಲ ದಿನಗಳಲ್ಲಿ ಅವರೂ ನಿಂತರು, ನಾನೂ ನಿಂತೆ. ಸೂರ್ಯ ಮುಳುಗಿದ ಮೇಲೆ ಅವರು ಅವರ ಮನೆಗೆ, ನಾನು ನನ್ನ ಮನೆಗೆ. ಆಮೇಲಾಮೇಲೆ ಅವರು ನಿಲ್ಲುವುದಕ್ಕೇ ಬೇಸತ್ತು ಕೂರತೊಡಗಿದರು. ಇದನ್ನೇ ದೊಡ್ಡ ಪ್ರಗತಿ ಎಂದುಕೊಂಡೆ. ಚಪ್ಪರ ಹಾಕುವ ಹಿಂದಿನ ಸಂಜೆ ಹೋಗುತ್ತೇನೆ, ಗೆರೆ ಎಳೆದು ಬಿಲ್ಲೆ ಎಸೆಯುತ್ತಿದ್ದಾರೆ! ಕೈಕಟ್ಟಲಿಲ್ಲ, ನಮಸ್ಕಾರವೂ ಇಲ್ಲ. ಆ ಡಬ್ಬವನ್ನು ಹೊಟ್ಟೆಗೆ ಆನಿಸಿಕೊಂಡು, ಬಗ್ಗಿ, ಮೇಲಿನ ಪುಟ್ಟ ಗಾಜಿನೊಳಗೆ ನೋಡಬೇಕು. ಗಾಜು ಬೆರಳಿನ ಉಗುರಿನಷ್ಟು. ಅದರೊಳಗೆ ಮಕ್ಕಳು ಇರುವೆಯಷ್ಟು. ಯಾರು ಯಾರೆಂದು ತಿಳಿಯದು. ಆದರೆ ಕಿವಿ ಇದೆಯಲ್ಲ. ಮಕ್ಕಳು ನನ್ನ ಕಡೆಯೇ ತಿರುಗಿ ಬಿದ್ದುಬಿದ್ದು ನಗುತ್ತಿದ್ದರು. ನನ್ನನ್ನು ನೋಡಿಯೂ ನಗುತ್ತಿದ್ದರು! ನಾನು ಒತ್ತಿದೆ. ನಾನು ತಲೆ ಎತ್ತುವಷ್ಟರಲ್ಲಿ ಎಲ್ಲರೂ ಚೆಲ್ಲಾಪಿಲ್ಲಿ ಓಡಿಹೋಗಿದ್ದರು.

ಮದುವೆ ಆಯಿತು. ಅದರ ಗಲಾಟೆಯಲ್ಲಿ ಕ್ಯಾಮರಾದ ನೆನಪೂ ಆಗಲಿಲ್ಲ. ನಾಗುವನ್ನು ಗಾಡಿಗೆ ಹತ್ತಿಸುವಾಗ ಹೆಂಗಸರೆಲ್ಲ ಅತ್ತರು. ಅವಳು ಕಾಲಿಗೆ ಬಿದ್ದಾಗ ನಾನು "ಚೆನ್ನಾಗಿರು, ಅತ್ತೆ ಮಾವ ಹೇಳಿದ ಹಾಗೆ ಕೇಳು" ಎಂದೆ. ಅದನ್ನಾದರೂ ಮೆಲ್ಲಗೆ ಹೇಳಿದೆನೇ? ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಗಾಡಿ ಹುಣಸೂರಿನ ರಸ್ತೆಗೆ ತಿರುಗಿದ ಮೇಲೆ ಮನೆಯೊಳಗೆ ಬಂದು ಕೂತರೆ ಎಲ್ಲ ಕಡೆಯೂ ಅವಳ ಸಾಮಾನು. ಮರುದಿನ ಸಾಯಂಕಾಲ ಕಾಲು ತೊಳೆಯುವಾಗ ಗೋಡೆಯಾಚೆ ಮಕ್ಕಳ ಗದ್ದಲ ಎಂದಿನಂತೆಯೇ ಇತ್ತು. ನಾನು ಚೊಂಬು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಅಷ್ಟು ಗದ್ದಲದಲ್ಲಿ ನನಗೆ ಬೇಕಾದ ಒಂದು ನಗು ಇರಲಿಲ್ಲ. ಮಗಳು ದೂರವಾದದ್ದು ನನಗೆ ಮಂಟಪದಲ್ಲಿ ತಿಳಿಯಲಿಲ್ಲ, ಬಚ್ಚಲ ಕಲ್ಲಿನ ಮೇಲೆ ತಿಳಿಯಿತು. ತಾಯಮ್ಮ ಬಂದು, "ನೀರೆಲ್ಲ ಕಾಲ ಮ್ಯಾಲೆ ಚೆಲ್ಲೋಯ್ತಾ ಅದೆ, ನೋಡ್ಕಳಿ" ಎಂದು ಚೊಂಬು ಕಿತ್ತುಕೊಂಡಳು.

ಯುಗಾದಿ ಕಳೆದ ಮೇಲೆ ಆ ಕೊನೆಯ ಪಟ ತೊಳೆದು ಬಂತು. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಬಿಚ್ಚಿ ನೋಡಿದೆ. ಏನು ಪಟ ಅಂತೀರಿ! ಗುಂಡೇಗೌಡರ ಕಿರಿಮಗ ಮುಂದಿನ ಹಲ್ಲು ಬಿದ್ದ ಬಾಯಿಯನ್ನು ಕಿವಿಯವರೆಗೆ ತೆರೆದಿದ್ದಾನೆ. ಒಬ್ಬಳು ಹೊಟ್ಟೆ ಹಿಡಿದುಕೊಂಡು ಮಣ್ಣಿನಲ್ಲಿ ಕೂತುಬಿಟ್ಟಿದ್ದಾಳೆ. ಇನ್ನೊಬ್ಬಳು ಬಾಯಿಗೆ ಲಂಗದ ತುದಿ ತುರುಕಿಕೊಂಡಿದ್ದಾಳೆ. ಒಂದು ಕೆನ್ನೆಯ ಮೇಲೂ ದೃಷ್ಟಿಬೊಟ್ಟಿಲ್ಲ. ಇವರೆಲ್ಲರ ಮಧ್ಯೆ, ಕುಂಟೆಬಿಲ್ಲೆಯ ಮನೆಯೊಳಗೆ ಒಂಟಿ ಕಾಲಿನಲ್ಲಿ ಒಬ್ಬಳು ಹುಡುಗಿ. ಮುಖವಿಲ್ಲ. ಮೈಯೆಲ್ಲ ಬೆಳ್ಳಗೆ ಅಲುಗಿಹೋಗಿದೆ, ಗಾಳಿಯಲ್ಲಿ ಒಂದು ಜಡೆ ಮಾತ್ರ ಮಸುಕಾಗಿ ಕಾಣುತ್ತದೆ. ನೆಲಕ್ಕೂರಿದ ಪಾದವೊಂದು ಸ್ಪಷ್ಟವಾಗಿದೆ, ಅದರ ಮೇಲೆ ಬಿಳಿಯ ಮಿಣುಕು. ಮದುವೆಗೆಂದು ನಾನು ಮಾಡಿಸಿಕೊಟ್ಟ ಬೆಳ್ಳಿ ಕಾಲುಂಗುರದ ಹೊಳಪು ಎಂದುಕೊಂಡೆ. ಮದುವೆಗೆ ಮುಂಚೆ ಕಾಲುಂಗುರ ಹೇಗೆ ಬಂತೆಂದು ಕೇಳಬೇಡಿ, ಅದು ನನಗೆ ಆಗ ಹೊಳೆಯಲಿಲ್ಲ. ಮನೆಗೆ ತಂದು ತೋರಿಸಿದರೆ ತಾಯಮ್ಮ ಒಂದೇ ನೋಟಕ್ಕೆ, "ನಾಗುನೇ ಕಣ್ರೀ. ಅದೇ ಕೆಂಪು ಲಂಗ ನೋಡಿ" ಎಂದಳು. ಕಪ್ಪು ಬಿಳುಪಿನ ಪಟದಲ್ಲಿ ಅವಳಿಗೆ ಕೆಂಪು ಕಂಡಿತು. ನಾನೂ ನೋಡಿದೆ, ನನಗೂ ಕೆಂಪಾಗಿಯೇ ಕಂಡಿತು.

ಹುಣಸೂರಿನ ಸಂತೆಬೀದಿಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವನ ಹತ್ತಿರ ಗಾಜು ಹಾಕಿಸಿದೆ. ನಮ್ಮಪ್ಪನ ಫೋಟೋದ ಇನ್ನೊಂದು ಪ್ರತಿ ನಮ್ಮ ನಡುಮನೆಯಲ್ಲಿದೆ, ಅದರ ಪಕ್ಕದಲ್ಲಿ ತೂಗುಹಾಕಿದೆ. ಬಾಳಿ ಬದುಕುವ ಹುಡುಗಿಯನ್ನು ಸತ್ತವರ ಪಕ್ಕ ತೂಗುಹಾಕುತ್ತಾರೆಯೇ ಎಂದು ತಾಯಮ್ಮ ಅದನ್ನು ಕಿತ್ತು ಪಡಸಾಲೆಯಲ್ಲಿ ಹಾಕಿದಳು. ಅಂದಿನಿಂದ ಮನೆಗೆ ಬಂದವರಿಗೆಲ್ಲ ನಾನು ಆ ಬಿಳಿ ಮಸುಕನ್ನು ಬೆರಳಿಟ್ಟು ತೋರಿಸಿ, ಇವಳೇ ನನ್ನ ಮಗಳು ಎನ್ನುತ್ತಿದ್ದೆ. ಬಂದವರು ಕಣ್ಣು ಕಿರಿದು ಮಾಡಿ, ಹತ್ತಿರ ಹೋಗಿ, ದೂರ ಬಂದು, "ಲಕ್ಷಣವಾಗಿದ್ದಾಳೆ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಯಾರೂ ಇಲ್ಲದಾಗ ನಾನೂ ಅದರ ಮುಂದೆ ನಿಲ್ಲುತ್ತಿದ್ದೆ. ಮುಖ ಅಳಿಸಿಹೋದದ್ದರಿಂದ ಒಂದು ಅನುಕೂಲವಿತ್ತು. ಅಲ್ಲಿ ನನಗೆ ಬೇಕಾದ ನಗುವನ್ನು ನಾನೇ ಇಟ್ಟುಕೊಳ್ಳಬಹುದಿತ್ತು, ಗೋಡೆಯಾಚೆಯಿಂದ ಕೇಳಿದ ಸದ್ದನ್ನು ಅದಕ್ಕೆ ಜೋಡಿಸಬಹುದಿತ್ತು. ನಾಗು ಹಬ್ಬಕ್ಕೆಂದು ಬಂದಾಗಲೂ ಕೈಹಿಡಿದು ಕರೆದೊಯ್ದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಪಟವನ್ನು ನೋಡಿದಳು, ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. "ಚೆನ್ನಾಗದೆ ಅಪ್ಪ" ಎಂದು ಒಳಗೆ ಹೋದಳು. ಅವಳಿಗೂ ಹಳೆಯದೆಲ್ಲ ನೆನಪಾಗಿ ಕಣ್ಣು ತುಂಬಿತೇನೋ ಎಂದು ನಾನು ತಾಯಮ್ಮನಿಗೆ ಹೇಳಿದೆ.

ಈಗ ಯುದ್ಧ ಮುಗಿದಿದೆ. ನಾಗು ಚೊಚ್ಚಲ ಬಾಣಂತನಕ್ಕೆ ಬಂದು ಮಗುವಿಗೆ ಮೂರು ತಿಂಗಳು ತುಂಬಿದೆ. ಬರುವ ವಾರ ಕರೆದೊಯ್ಯಲು ಅಳಿಯ ಬರುತ್ತಾನೆ. ನಿನ್ನೆ ಸಾಯಂಕಾಲ ಸಾಕಿ ಮಗು ನೋಡಲು ಬಂದಿದ್ದಳು. ಅವಳನ್ನು ಊರಿನಲ್ಲೇ ಸೋದರಮಾವನಿಗೆ ಕೊಟ್ಟಿದ್ದಾರೆ, ಆದರೂ ನಾಗುವಿನ ಮದುವೆಯಾದ ಮೇಲೆ ನಮ್ಮ ಪಡಸಾಲೆಗೆ ಬಂದದ್ದು ಇದೇ ಮೊದಲು. ನಾನು ಮೂಲೆಯ ಚಾಪೆಯ ಮೇಲೆ ಪತ್ರಿಕೆ ಓದುತ್ತಿದ್ದೆ. ಸಾಕಿ ಮಗುವನ್ನು ಎತ್ತಿಕೊಂಡು ಗೋಡೆಯ ಪಟ ತೋರಿಸಿ ಆಡಿಸುತ್ತಿದ್ದವಳು ಇದ್ದಕ್ಕಿದ್ದಂತೆ, "ಅಯ್ಯೋ ನೋಡ್ಲಾ ಮಗ, ನಿಮ್ಮ ಸಾಕವ್ವ!" ಎಂದಳು. ನಾನು ಪತ್ರಿಕೆ ಕೆಳಗಿಟ್ಟೆ. ಅದು ನಾಗು ಕಣಮ್ಮ ಎಂದೆ. "ಇಲ್ಲ ಸಾ, ನಾನೇಯ. ಎಬ್ಬೆಟ್ಟಿಗೆ ಬಟ್ಟೆ ಸುತ್ತಿಲ್ವಾ ನೋಡಿ. ಎಡವಿ ಉಗುರು ಕಿತ್ತೋಗಿತ್ತು." ನಾಗು ಬಾಗಿಲಲ್ಲಿ ನಿಂತು ಅವಳಿಗೆ ಸುಮ್ಮನಿರು ಎಂದು ಕಣ್ಣು ಮಿಟುಕಿಸುತ್ತಿದ್ದುದನ್ನು ನಾನು ಕಂಡುಬಿಟ್ಟೆ. ಕಾಲುಂಗುರವೆಂದು ಇಷ್ಟು ದಿನ ನಾನು ಮುದ್ದಿಸಿದ್ದು ಸಾಕಿಯ ಗಾಯದ ಬಟ್ಟೆ. "ಹಾಗಾದರೆ ಇದರಲ್ಲಿ ನೀನೆಲ್ಲಿ ನಾಗು?" ಎಂದೆ.

"ಅದರಲ್ಲಿ ನಾನಿಲ್ಲ ಅಪ್ಪ."

"ಅಂದು ನೀನು ಆಡಲು ಹೋಗಿರಲಿಲ್ಲವೇ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾಗು ನೆಲ ನೋಡುತ್ತಾ, "ಇದ್ದೆ. ನಿಮ್ಮ ಬೆನ್ನ ಹಿಂದೆ ಇದ್ದೆ" ಎಂದಳು. ಆಮೇಲೆ ಸಾಕಿಯೇ ಎಲ್ಲವನ್ನೂ ಹೇಳಿದಳು. ನಾನು ಕಣದ ಅಂಚಿನಲ್ಲಿ ಬಗ್ಗಿ ನಿಂತಾಗಲೆಲ್ಲ ನಾಗು ಮೆಲ್ಲಗೆ ಬಂದು ನನ್ನ ಹಿಂದೆ ನಿಲ್ಲುತ್ತಿದ್ದಳಂತೆ. ಕೈಯಲ್ಲಿ ರಾಗಿ ಅಳೆಯುವ ಸೇರು. ನಾನು ಬಗ್ಗಿದರೆ ಅವಳೂ ಬಗ್ಗುವುದು, ನಾನು ಪಕ್ಕಕ್ಕೆ ಸರಿದರೆ ಅವಳೂ ಸರಿಯುವುದು. ಮಕ್ಕಳು ನನಗೆ ಪಳಗಿರಲಿಲ್ಲ. ಅವರು ಅಷ್ಟೊಂದು ನಕ್ಕದ್ದು ನನ್ನ ಮಗಳನ್ನು ನೋಡಿ. "ನಿಮಗಿಂತ ಅವಳೇ ಥೇಟು ಮೇಷ್ಟ್ರಂಗೆ ಕಾಣ್ತಿದ್ಲು ಸಾ" ಎಂದು ಸಾಕಿ ಕಣ್ಣೊರೆಸಿಕೊಂಡಳು. ನಾನು ತಿಂಗಳುಗಟ್ಟಲೆ ಹುಡುಕಿದ ಆಟ ನನ್ನಿಂದ ಎರಡು ಮೊಳ ದೂರದಲ್ಲಿ, ಬೆನ್ನಿಗೇ ಇತ್ತು. ಹಿಂದೆ ತಿರುಗಿ ನೋಡಬೇಕೆಂದು ನನಗಾಗಲಿ ಆ ಡಬ್ಬಕ್ಕಾಗಲಿ ಹೊಳೆಯಲಿಲ್ಲ.

ತಾಯಮ್ಮ ಒಳಗಿನಿಂದ, "ಅಂಗಾರೆ ಆ ಪಟ ಸಾಕಿಗೇ ಕೊಟ್ಬುಡಿ, ಅವಳ ಪಟ ನಮ್ಮನೇಲ್ಯಾಕೆ?" ಎಂದಳು. ಸಾಕಿಗೂ ಆಸೆಯಿತ್ತು, ಕೈ ಚಾಚಿಯೇ ಬಿಟ್ಟಿದ್ದಳು. ನಾನು ಕೊಡಲಿಲ್ಲ. ಆ ಮಕ್ಕಳ ಒಂದೊಂದು ಮುಖದಲ್ಲೂ ಇರುವುದು ನಾಗುವೇ ಎಂದು ಅವರಿಗೆ ಹೇಗೆ ಹೇಳುವುದು? ಇರಲಿ ಬಿಡಿ, ಚೆನ್ನಾಗಿದೆ ಎಂದೆ. ನನ್ನ ಮುಖ ಹೇಗಿತ್ತೋ ಏನೋ, ನಾಗು ಹತ್ತಿರ ಬಂದು, "ಬೇಜಾರಾಯ್ತಾ ಅಪ್ಪ?" ಎಂದಳು. ಇಲ್ಲಮ್ಮ, ನೀನು ಹೇಗೆ ಮಾಡುತ್ತಿದ್ದೆ ಅದನ್ನು ನೋಡಬೇಕಿತ್ತು ಎಂದೆ. ಅವಳು ನಂಬದೆ ನನ್ನನ್ನೇ ನೋಡಿದಳು. "ಬೈಯಾಕಿಲ್ವಾ?" ಬೈಯುವುದಿಲ್ಲ ಎಂದೆ.

ಆಮೇಲೆ ಅವಳು ರಾಗಿ ಗುಡಾಣದ ಪಕ್ಕದಿಂದ ಸೇರು ಎತ್ತಿಕೊಂಡು ಬಂದಳು. ಅದನ್ನು ಹೊಟ್ಟೆಗೆ ಆನಿಸಿದಳು. ಮೊಣಕಾಲು ಅರ್ಧ ಮಡಿಸಿ, ಹಿಂಭಾಗ ಎತ್ತಿ, ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ಸಂದಿನಿಂದ ಹೊರಗೆ ಚಾಚಿದಳು. ನಾನು ನಾಲಿಗೆ ಚಾಚುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ಸೇರಿನೊಳಗೆ ಇಣುಕುತ್ತಾ ಕೊಕ್ಕರೆಯ ಹಾಗೆ ಎರಡು ಹೆಜ್ಜೆ ಎಡಕ್ಕೆ, ಎರಡು ಹೆಜ್ಜೆ ಬಲಕ್ಕೆ ಇಟ್ಟು, "ನಗ್ರೋ!" ಎಂದು ನನ್ನದೇ ಗಂಟಲಿನಲ್ಲಿ ಗದರಿದಳು. ಸಾಕಿ ಗೋಡೆಗೆ ಒರಗಿಬಿಟ್ಟಳು. ಅಡಿಗೆಮನೆಯಿಂದ ಬಂದ ತಾಯಮ್ಮನೂ ಸೌಟು ಹಿಡಿದುಕೊಂಡೇ ನಕ್ಕಳು. ನಾಗುವಿಗೆ ತಡೆಯಲಾಗಲಿಲ್ಲ, ಸೇರನ್ನು ಎದೆಗೆ ಅವಚಿಕೊಂಡು ನಗತೊಡಗಿದಳು. ನಗುವಾಗ ಅವಳ ಮೂಗು ಸುಕ್ಕಾಗುತ್ತದೆ, ಎಡಗಡೆಯ ಹುಬ್ಬು ಒಂದೇ ಮೇಲೆ ಹೋಗುತ್ತದೆ, ಅವಳು ಹುಟ್ಟಿದಂದಿನಿಂದ ಇದು ನನಗೆ ಗೊತ್ತಿರಲಿಲ್ಲ. ನನ್ನ ಎದೆ ತುಂಬಿಬಂತು. ಇದು ಹೋಗಬಾರದು, ಇದೊಂದು ಉಳಿಯಬೇಕು ಎನ್ನಿಸಿತು. ಕ್ಯಾಮರಾ ಅಟ್ಟದ ಮೇಲಿದೆ, ಅದರಲ್ಲಿ ರೀಲಿಲ್ಲ, ಇದ್ದರೂ ಪಡಸಾಲೆಯ ಮಬ್ಬಿನಲ್ಲಿ ಏನೂ ಬರುವುದಿಲ್ಲ, ಇದೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು. ನಾನು ಚಾಪೆಯಿಂದ ಅರ್ಧ ಎದ್ದು, "ಅಲ್ಲೇ, ಹಾಗೇ ನಿಲ್ಲು!" ಎಂದೆ.

ನನ್ನ ಮಾತನ್ನು ಮಕ್ಕಳು ತಕ್ಷಣ ಕೇಳುತ್ತಾರೆ. ನಾಗು ಸೇರನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ನೆಟ್ಟಗೆ ನಿಂತಳು.